ಒಂಬತ್ತು ಗುಳಿಯ ಹಂಚು

ಮೊರದಲ್ಲಿ ಸಿರುಗುಪ್ಪದ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ. ಸಿರುಗುಪ್ಪ ನನ್ನ ತವರು. ಕಾಲುವೆ ನೀರಿನ ಗದ್ದೆಯ ಅಕ್ಕಿಯನ್ನು ಅಣ್ಣ ವರ್ಷಕ್ಕೊಮ್ಮೆ ಬಸ್ಸಿನ ಮೇಲೆ ಹಾಕಿ ಕಳಿಸುತ್ತಿದ್ದ. ಮಿಲ್ಲಿನಲ್ಲಿ ಎಷ್ಟೇ ಹಸನು ಮಾಡಿದರೂ ಅಲ್ಲೊಂದು ಇಲ್ಲೊಂದು ಹರಳು ಉಳಿದೇ ಇರುತ್ತಿತ್ತು. ಅಂದು ಬುಧವಾರ, ಮಧ್ಯಾಹ್ನದ ಹೊತ್ತು. ಬಾಗಿಲು ತಳ್ಳಿಕೊಂಡು ನನ್ನ ನಾದಿನಿ ಒಳಗೆ ಬಂದಳು. ನನ್ನ ಗಂಡನ ತಂಗಿ ಆಕೆ, ಕುರುಗೋಡಿನ ಸರ್ಕಾರಿ ಶಾಲೆಯಲ್ಲಿ ಟೀಚರ್. ಬಳ್ಳಾರಿಯ ನಮ್ಮ ಮನೆಗೆ ಬರುತ್ತಿದ್ದುದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿಕೊಂಡು. ಬುಧವಾರ ಬಂದಳೆಂದರೆ ಏನೋ ಆಗಿದೆ ಎಂದೇ ಅರ್ಥ.

"ಏನಾತಬೇ? ಇವತ್ತು ಸಾಲಿ ಇಲ್ಲೇನು?"

"ಅರ್ಧ ದಿನ ರಜಾ ಹಾಕಿ ಬಂದೆ ಅತ್ತಿಗಿ. ಆ ಹುಡುಗಿ ಸಾಲಿ ಬಿಟ್ಟು ಹೋದ್ಳು."

"ಯಾವ ಹುಡುಗಿ?" ಅಂದೆ. ಯಾವ ಹುಡುಗಿ ಎಂದು ಆಕೆ ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗಿತ್ತು.

"ನಿನ್ನ ಪಡ್ಡಿನ ಹಂಚು ತಲಿ ಮ್ಯಾಲ ಹೊತ್ಕೊಂಡು ಬಂದಿತ್ತಲ್ಲ, ಅದ. ಅವ್ವನ ಕೂಡ ಸಂಡೂರು ಕಡೆ ಹೋಗೇತಿ, ಅದಿರು ಜರಡಿ ಹಿಡಿಯಾಕ."

"ಅವರವ್ವ ಎಳಕೊಂಡು ಹೋಗಿರಬೇಕು. ಪಾಪ, ಆಕಿಗೂ ಹೊಟ್ಟಿಪಾಡು."

"ಅದ ನೋಡು ನನಗ ತಿಳೀವಲ್ದು. ಅವರವ್ವ ಬಿಟ್ಟು ಹೋಗಾಕ ತಯಾರಿದ್ಳು. ಅಜ್ಜಿ ಹತ್ರ ಇದ್ದು ಸಾಲಿಗೆ ಹೋಗವ್ವ ಅಂತ ಹೇಳ್ಯಾಳ. ಈಕಿನ ಒಲ್ಲೆ ಅಂದಾಳಂತ. ಎರಡು ತಿಂಗಳ ಹಿಂದ ಇದ ಹುಡುಗಿ ಅವ್ವನ ಕಾಲು ಹಿಡಕೊಂಡು ಅತ್ತಿತ್ತು, ನಾ ಬರಂಗಿಲ್ಲ, ನಾ ಸಾಲಿಗೆ ಹೋಗಬೇಕು ಅಂತ." ನಾದಿನಿ ಚೀಲ ಕೆಳಗಿಟ್ಟು ನನ್ನ ಮುಖ ನೋಡಿದಳು. "ಇಲ್ಲಿಗೆ ಬಂದಾಗ ಏನರ ಆತೇನು ಅತ್ತಿಗಿ?"

ಮೊರದ ಮೇಲೆ ನನ್ನ ಕೈ ನಿಂತಿತು.

"ಏನ್ ಆಗತೈತಿ? ಬಂದ್ಳು, ಉಂಡ್ಳು, ಹೋದ್ಳು," ಅಂದೆ. ಮತ್ತೆ ಕಲ್ಲು ಆರಿಸತೊಡಗಿದೆ. ಅಂದು ಆರಿಸಿದ ಅಕ್ಕಿಯಲ್ಲಿ ರಾತ್ರಿ ಊಟದ ಹೊತ್ತಿಗೆ ನನ್ನ ಗಂಡನ ಹಲ್ಲಿಗೆ ಎರಡು ಸಲ ಹರಳು ಸಿಕ್ಕಿತು.

ಏನಾಯಿತು ಎನ್ನುವುದನ್ನು ಮೊದಲಿನಿಂದ ಹೇಳಬೇಕು.

ಗಣಿಯ ಆ ವರ್ಷಗಳಲ್ಲಿ ಬಳ್ಳಾರಿಗೆ ಎಲ್ಲಿಲ್ಲದ ಅವಸರ ಬಂದಿತ್ತು. ಅದಿರಿನ ಲಾರಿಗಳು ದಾರಿ ಬಿಡದೆ ಓಡುತ್ತಿದ್ದವು. ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ಕಾರಿನ ಗಾಜು ಇಳಿಸಿ "ಏನ್ರಿ, ಅರಾಮ?" ಎಂದು ಕೇಳಿ ಹೋಗುತ್ತಿದ್ದರು. ನಾವು ಕಂಟೋನ್ಮೆಂಟಿನ ಹಳೆಯ ಮನೆಯೊಂದರಲ್ಲಿ ಬಾಡಿಗೆಗೆ ಇದ್ದೆವು. ನನ್ನ ಗಂಡ ಅಕ್ಕಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಗಣಿಯಿಂದ ನಮ್ಮ ಮನೆಗೆ ಬಂದದ್ದು ಕೆಂಪು ಧೂಳು ಮಾತ್ರ. ಅದು ಶಿವ ಮಾಡಿದ ಉಪಕಾರವೆಂದೇ ನಾನು ತಿಳಿದಿದ್ದೇನೆ. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿದ ಬೆರಳಿನಿಂದಲೇ ಹಿಂದಿನ ದಿನದ ಒಳ್ಳೆಯದನ್ನು ಗೆಣ್ಣು ಗೆಣ್ಣಿಗೆ ಎಣಿಸುವುದು ನನ್ನ ರೂಢಿ. ನಲ್ಲಿ ನೀರು ಬಂತು, ಒಂದು. ಹಾಲು ಒಡೆಯಲಿಲ್ಲ, ಎರಡು. ಹೀಗೆ. ತವರಿನಲ್ಲಿ ಅವ್ವ ಕಲಿಸಿದ್ದು.

ನಮ್ಮ ಓಣಿಯ ಮೂಲೆಯಲ್ಲಿ ಮೊದಲು ಎಸ್‌ಟಿಡಿ ಬೂತ್ ಇತ್ತು. ಅದು ಇಂಟರ್‌ನೆಟ್ ಸೆಂಟರ್ ಆಯಿತು. ನಡೆಸುತ್ತಿದ್ದವರು ನಮ್ಮ ಓಣಿಯ ಹಿರಿಯ ಸಾಬರು. ಪ್ಲೈವುಡ್ಡಿನ ಸಣ್ಣ ಸಣ್ಣ ಗೂಡು, ಗೂಡಿಗೊಂದು ಪರದೆ, ಒಳಗೊಂದು ಕಂಪ್ಯೂಟರ್. ನಾದಿನಿಗೆ ಆ ಸೆಂಟರಿನ ಹುಚ್ಚು ಹಿಡಿದಿತ್ತು. ಪಾಠ ಹೇಳುವ ಹೊಸ ಹೊಸ ದಾರಿಗಳನ್ನು ದೇಶದೇಶದ ಟೀಚರುಗಳು ಅಲ್ಲಿ ಬರೆದು ಇಟ್ಟಿರುತ್ತಾರೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು ಎಂದು ತರಬೇತಿಯಲ್ಲಿ ಯಾರೋ ಹೇಳಿದ್ದರಂತೆ. ಆದರೆ ಮದುವೆಯಾಗದ ಹುಡುಗಿ ಪರದೆ ಹಾಕಿದ ಗೂಡಿನಲ್ಲಿ ಒಬ್ಬಳೇ ಕೂರುವುದು ನನ್ನ ಗಂಡನಿಗೆ ಒಪ್ಪಿಗೆಯಾಗಲಿಲ್ಲ. "ಹೋಗಲಿ, ಬ್ಯಾಡನ್ನಂಗಿಲ್ಲ. ನೀ ಜೋಡಿ ಹೋಗು," ಎಂದು ನನ್ನನ್ನು ಕಾವಲಿಗೆ ಹಾಕಿದರು. ಹಾಗೆ ಪ್ರತಿ ಶನಿವಾರ ಸಂಜೆ ನಾನು ಒಂದು ಚೀಲ ಅವರೆಕಾಯಿಯನ್ನೋ, ಬಳ್ಳೊಳ್ಳಿಯನ್ನೋ ಹಿಡಿದುಕೊಂಡು ಆಕೆಯ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ.

"ಅಕ್ಕಾರ, ಇಲ್ಲಿ ಅವರಿಕಾಯಿ ಸುಲಿಬ್ಯಾಡ್ರಿ," ಎಂದು ಸಾಬರು ಪರದೆಯ ಹೊರಗಿನಿಂದ ಕೂಗುತ್ತಿದ್ದರು. "ಸಿಪ್ಪಿ ಹೋಗಿ ಕೀಬೋರ್ಡಿನ್ಯಾಗ ಕುಂತ್ರ ನಾ ಯಾವ ಡಾಕ್ಟರ್‌ಗೆ ತೋರಸಲಿ?"

"ಕಾಳು ನಿಮ್ಮನಿಗೂ ಒಂದು ಬಟ್ಟಲ ಕೊಡತೀನಿ, ಸುಮ್ಕಿರ್ರಿ ಭಾಯಿ."

"ಹಂಗಾದ್ರ ಸುಲೀರಿ. ನಿಧಾನಕ ಸುಲೀರಿ."

ನಾದಿನಿ ತೆಗೆದು ತೋರಿಸುತ್ತಿದ್ದ ಪಾಠಗಳಲ್ಲಿ ಹೆಚ್ಚಿನವು ನಮ್ಮ ಕಡೆಗೆ ಆಗಿಬರುವಂಥವಲ್ಲ. ಹಿಮದ ಗೊಂಬೆಗೆ ಗುಂಡಿ ಹಚ್ಚಿ ಎಣಿಸುವುದು, ಬಣ್ಣ ಬಣ್ಣದ ಉಣ್ಣೆಯ ಚೆಂಡು, ಅಂಟುವ ಬಟ್ಟೆಯ ಹಲಗೆ. ಆಕೆ ಬೇಸರದಿಂದ ಮುಂದಿನದಕ್ಕೆ ಹೋಗುತ್ತಿದ್ದಳು. ಒಂದು ಶನಿವಾರ ಒಂದು ಚಿತ್ರ ಬಂತು. ಕೋಳಿಮೊಟ್ಟೆ ತುಂಬಿಡುವ ರಟ್ಟಿನ ಪೆಟ್ಟಿಗೆಯನ್ನು ಹತ್ತು ಗುಳಿ ಉಳಿಯುವಂತೆ ಕತ್ತರಿಸಿದ್ದರು. ಮಕ್ಕಳು ಅದರಲ್ಲಿ ಕಾಳು ಹಾಕುತ್ತ, ಎಷ್ಟು ತುಂಬಿದೆ, ಹತ್ತಾಗಲು ಇನ್ನೆಷ್ಟು ಬೇಕು ಎಂದು ಕಣ್ಣಿನಿಂದಲೇ ಕಾಣುತ್ತಿದ್ದರು.

"ಇದು ಛಲೋ ಐತಿ ಅತ್ತಿಗಿ. ಕೂಡೋ ಲೆಕ್ಕ ಪೂರ್ತಿ ಇದರಾಗ ಐತಿ. ಆದರ ತತ್ತಿ ಪೆಟ್ಟಿಗಿ ಎಲ್ಲಿಂದ ತರಲಿ? ನಮ್ಮನಿಗಂತೂ ತತ್ತಿ ಬರಂಗಿಲ್ಲ."

"ತತ್ತಿ ಯಾಕಬೇಕಲೇ?" ಅಂದೆ, ಅವರೆಕಾಯಿ ಸುಲಿಯುತ್ತಲೇ. "ಗುಳಿ ತಾನ ಬೇಕಾಗಿದ್ದು? ಪಡ್ಡಿನ ಹಂಚು ಐತಲ್ಲ."

ಆಕೆ ಕುರ್ಚಿಯನ್ನು ಪೂರ್ತಿ ನನ್ನ ಕಡೆ ತಿರುಗಿಸಿ ಕೂತಳು. ಬಹಳ ಹೊತ್ತು ನಕ್ಕಳು. ನನ್ನ ಬದುಕಿನಲ್ಲಿ ನಾನು ಹೇಳಿದ ಒಂದು ಮಾತು ಓದಿದವರೊಬ್ಬರಿಗೆ ಉಪಯೋಗ ಬಿದ್ದದ್ದು ಅದೇ ಮೊದಲು. ಮರುದಿನ ಬೆಳಿಗ್ಗೆ ಅದನ್ನೂ ಒಂದು ಗೆಣ್ಣಿಗೆ ಎಣಿಸಿದೆ.

ನನ್ನ ಹತ್ತಿರ ಎರಡು ಪಡ್ಡಿನ ಹಂಚು ಇದ್ದವು. ದಿನನಿತ್ಯದ್ದು ಹಿಡಿ ಮುರಿದು ರಿಪೇರಿಗೆ ಹೋಗಿತ್ತು. ಇನ್ನೊಂದು ತವರಿನಿಂದ ಬಂದದ್ದು, ಅವ್ವನ ಕೈಯ ಬೀಡು ಕಬ್ಬಿಣದ ಹಂಚು. ನಡುವೆ ಒಂದು ಗುಳಿ, ಸುತ್ತ ಎಂಟು. ಅದು ಮೀಸಲು. ಶ್ರಾವಣದಲ್ಲಿ ಒಂದು ಸೋಮವಾರ ಮಠದ ಅಯ್ಯನವರು ಮನೆಗೆ ಬಂದು ಪ್ರಸಾದ ಸ್ವೀಕರಿಸುತ್ತಿದ್ದರು. ಅಂದಿನ ಬೆಲ್ಲದ ಪಡ್ಡಿಗೆ ಮಾತ್ರ ಅದನ್ನು ಒಲೆಗೆ ಏರಿಸುತ್ತಿದ್ದೆ. ನಾದಿನಿ ಅದನ್ನೇ ಕೇಳಿದಳು. ನಾನು ಸ್ವಲ್ಪ ಹಿಂದೆಮುಂದೆ ನೋಡಿದೆ. ಆದರೆ ಮಾತು ಬಂದದ್ದು ನನ್ನ ಬಾಯಿಂದಲೇ, ಇಲ್ಲವೆನ್ನುವುದು ಹೇಗೆ? "ಶ್ರಾವಣಕ್ಕ ತಿರುಗಿ ಕೊಡಬೇಕು ನೋಡು," ಎಂದು ಹೇಳಿ ಕೊಟ್ಟೆ.

"ಗುಳಿ ಒಂಬತ್ತ ಅದಾವಲ್ಲ ಅತ್ತಿಗಿ. ಒಂದು ಕಡಿಮಿ ಬಿತ್ತು."

"ಅದಕ್ಕ ನಾ ಏನ್ ಮಾಡಲಿ? ನಮ್ಮವ್ವ ಲೆಕ್ಕ ಕಲಸಾಕ ತಂದಿದ್ದಲ್ಲ."

ಆ ಒಂದು ಗುಳಿ ಕಡಿಮೆಯಾದದ್ದೇ ಪಾಠವಾಯಿತು. ಮುಂದಿನ ಶನಿವಾರ ಆಕೆ ಕಣ್ಣರಳಿಸಿ ಹೇಳಿದಳು. ಹತ್ತು ಹುಣಸೆ ಬೀಜ ಕೊಟ್ಟರೆ ಒಂಬತ್ತು ಹಂಚಿನಲ್ಲಿ ಕೂರುತ್ತವೆ, ಹತ್ತನೆಯದಕ್ಕೆ ಜಾಗವಿಲ್ಲ. ಅದನ್ನು ಒಂದು ಮಗು ಕೈಯಲ್ಲಿ ಹಿಡಿದುಕೊಳ್ಳಬೇಕು. ಟೀಚರ್ ಹಂಚಿನಿಂದ ಬೀಜ ತೆಗೆದು "ಈಗ ಹತ್ತಾಗಾಕ ಎಷ್ಟು ಬೇಕು?" ಎಂದು ಕೇಳಿದರೆ ಮಕ್ಕಳು ಖಾಲಿ ಗುಳಿ ಎಣಿಸಿ, ಕೈಯಲ್ಲಿರುವ ಒಂದನ್ನು ಸೇರಿಸಬೇಕು. ಕೈಯಲ್ಲಿರುವುದನ್ನು ಮರೆತವರು ತಪ್ಪುತ್ತಾರೆ. ಹತ್ತನೇ ಬೀಜ ಹಿಡಿಯಲು ಮಕ್ಕಳು ಜಗಳವಾಡುತ್ತಿದ್ದರಂತೆ.

ಆ ಹುಡುಗಿಯ ಮಾತು ನಾನು ಮೊದಲು ಕೇಳಿದ್ದು ಅಂದೇ. ಮೂರನೇ ಕ್ಲಾಸು. ಊರ ಹೊರಗಿನ ಕೇರಿಯಿಂದ ಬರುವವಳು. ನಾಟಿ ಶುರುವಾದರೆ ಅವ್ವನ ಜೊತೆ ಸಿರುಗುಪ್ಪದ ಗದ್ದೆಗಳಿಗೆ ಹೋಗಿ ಬಿಡುತ್ತಿದ್ದಳು. ತಿರುಗಿ ಬರುವ ಹೊತ್ತಿಗೆ ಪಾಠಗಳೆಲ್ಲ ಮುಂದೆ ಹೋಗಿರುತ್ತಿದ್ದವು. ಬೆರಳು ಮುಗಿದರೆ ಆಕೆಯ ಲೆಕ್ಕವೂ ಮುಗಿಯುತ್ತಿತ್ತು. ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದ ಆ ಹುಡುಗಿ, ಹಂಚು ಬಂದ ಮೂರನೇ ದಿನ ಎದ್ದು ನಿಂತು, "ಟೀಚರ್, ಐದು ಬೇಕ್ರಿ. ನಾಕು ಹಂಚಿನಾಗ, ಒಂದು ನನ್ನ ಕೈಯಾಗ," ಅಂದಳಂತೆ. ಅಂದಿನಿಂದ ಹಂಚಿನ ಕಾರಭಾರ ಆಕೆಯದೇ. ಕಪಾಟಿನಿಂದ ತೆಗೆಯುವವಳು ಆಕೆ, ಇಡುವವಳೂ ಆಕೆ. ಅವ್ವ ಗಣಿ ಕಡೆ ಹೋಗೋಣ ಎಂದಾಗ ಕಾಲು ಹಿಡಿದು ಅತ್ತದ್ದು ಆ ದಿನಗಳಲ್ಲೇ. ಹುಡುಗಿ ಉಳಿದಳು.

ನಾದಿನಿ ಇದನ್ನೆಲ್ಲ ಬರೆದಳು. ಕನ್ನಡದ ಮೇಷ್ಟ್ರು, ಟೀಚರುಗಳು ತಮ್ಮ ತಮ್ಮ ಪಾಠದ ಉಪಾಯ ಹಾಕುವ ಒಂದು ತಾಣ ಇತ್ತು. ಸಾಬರು ಮದುವೆ ಫೋಟೊ ತೆಗೆಯಲು ಇಟ್ಟುಕೊಂಡಿದ್ದ ಸಣ್ಣ ಕ್ಯಾಮೆರಾವನ್ನು ಕೇಳಿ ಒಯ್ದು ಫೋಟೊ ತೆಗೆದಳು. ಹಂಚಿನ ತುಂಬ ಹುಣಸೆ ಬೀಜ, ಪಕ್ಕದಲ್ಲಿ ಚಾಚಿದ ಒಂದು ಪುಟ್ಟ ಕೈ, ಅಂಗೈಯಲ್ಲಿ ಹತ್ತನೇ ಬೀಜ. ಮಕ್ಕಳ ಮುಖ ಹಾಕಬಾರದೆಂದು ಕೈ ಮಾತ್ರ. ಎರಡು ವಾರದಲ್ಲಿ ಉತ್ತರಗಳು ಬಂದವು. ನಮ್ಮ ಹಂಚಿಗೆ ಹನ್ನೆರಡು ಗುಳಿ, ಏನು ಮಾಡಲಿ ಎಂದು ಒಬ್ಬರು. ಎರಡಕ್ಕೆ ಹಿಟ್ಟಿನ ಉಂಡೆ ಮೆತ್ತಿ ಎಂದು ಇನ್ನೊಬ್ಬರು. ನಾದಿನಿ ಓದಿ ಓದಿ ಹೇಳುತ್ತಿದ್ದಳು. ನನ್ನ ಅವ್ವನ ಹಂಚನ್ನು ಎಲ್ಲಿಯೋ ಕೂತವರು ನೋಡುತ್ತಿದ್ದಾರೆಂದು ನನಗೆ ಒಳಗೊಳಗೇ ಹೆಮ್ಮೆ. ದೇವರ ಮುಂದೆ ಹೆಮ್ಮೆಪಡಬಾರದು ಎಂದು ಗೊತ್ತಿದ್ದೂ ಪಟ್ಟೆ.

ಶ್ರಾವಣ ಬಂತು. ಸೋಮವಾರಕ್ಕೆ ಅಯ್ಯನವರು ಬರುತ್ತಾರೆ, ಹಂಚು ಬೇಕು ಎಂದು ಹೇಳಿ ಕಳಿಸಿದೆ. ಶನಿವಾರ ನಾದಿನಿ ಬಂದಳು. ಹಿಂದೆ ಆ ಹುಡುಗಿ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ಹಂಚು.

"ಬಸ್ಸಿನ್ಯಾಗೂ ಕೆಳಗ ಇಡಲಿಲ್ಲ ನೋಡು, ತೊಡಿ ಮ್ಯಾಲ ಇಟ್ಕೊಂಡ ಕುಂತಿತ್ತು," ಎಂದು ನಾದಿನಿ ನಕ್ಕಳು. "ಬಳ್ಳಾರಿ ನೋಡಿಲ್ಲಂತ ಇದು. ಸೆಂಟರಿಗೆ ಕರಕೊಂಡು ಹೋಗಿ ಇದರ ಕೈ ಇದಕ್ಕ ತೋರಸ್ತೀನಿ."

ಹುಡುಗಿಯನ್ನು ಪಡಸಾಲೆಯಲ್ಲಿ ಕೂರಿಸಿ ಎಲೆ ಹಾಕಿ ಬಡಿಸಿದೆ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಮಜ್ಜಿಗೆ. ಚೆನ್ನಾಗಿ ಉಂಡಳು. ಎರಡನೇ ಸಲ ಅನ್ನ ಹಾಕಿಸಿಕೊಂಡಳು. ನಾದಿನಿಗೆ ಒಳಗೆ ತಟ್ಟೆ, ಹುಡುಗಿಗೆ ಹೊರಗೆ ಎಲೆ. ಅದು ಅಂದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಹಸಿದ ಮಗುವಿಗೆ ಹೊಟ್ಟೆ ತುಂಬ ಹಾಕಿದೆ ಎನ್ನುವುದಷ್ಟೇ ಮನಸ್ಸಿನಲ್ಲಿತ್ತು.

ನಾದಿನಿ ಸ್ನಾನಕ್ಕೆ ಹೋದಳು. ನಾನು ಹಂಚನ್ನು ಹಿತ್ತಲಿಗೆ ಒಯ್ದೆ. ಮೀಸಲು ಹಂಚು. ಎರಡು ತಿಂಗಳು ಯಾರು ಯಾರ ಕೈಯಲ್ಲಿ ಇತ್ತೋ. ಸೋಮವಾರ ಅಯ್ಯನವರ ಪ್ರಸಾದ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಪಾತ್ರೆ ತೊಳೆಯುತ್ತಿದ್ದಾಳೆ ಎಂದು ಹೋಗುತ್ತಿತ್ತು. ಸಮಾಧಾನವಾಗಲಿಲ್ಲ. ನಾಲ್ಕು ಸೆಗಣಿ ಕುಳ್ಳು ಒಟ್ಟಿ, ಹಂಚನ್ನು ಬೋರಲಾಗಿ ಅದರ ಮೇಲಿಟ್ಟು, ಬೆಂಕಿ ಹಚ್ಚಿದೆ. ಕಬ್ಬಿಣವನ್ನು ಬೆಂಕಿಗೆ ಹಾಕಿದರೆ ಮೈಲಿಗೆ ಹೋಗುತ್ತದೆ ಎಂದು ನಮ್ಮ ಕಡೆ ಹೆಂಗಸರು ಯೋಚನೆಯೇ ಮಾಡದೆ ಮಾಡುವ ಕೆಲಸ ಅದು. ನಾನೂ ಯೋಚನೆ ಮಾಡಲಿಲ್ಲ.

ಹಿಂದೆ ನೋಡಿದರೆ ಹುಡುಗಿ ನಿಂತಿದ್ದಳು. ಕೈ ತೊಳೆಯಲು ನೀರು ಹುಡುಕಿಕೊಂಡು ಬಂದಿದ್ದಳು. ಉಂಡ ಎಲೆ ಮಡಚಿ ಕೈಯಲ್ಲೇ ಹಿಡಿದಿದ್ದಳು.

"ಅಮ್ಮಾರ, ಅದಕ್ಕ ಯಾಕ ಬೆಂಕಿ ಹಚ್ಚೀರಿ?"

"ತುಕ್ಕು ಹಿಡದಿತ್ತವ್ವ," ಅಂದೆ.

ಹುಡುಗಿ ಹಂಚನ್ನು ನೋಡಿದಳು, ನನ್ನನ್ನು ನೋಡಿದಳು.

"ಇಲ್ಲರಿ, ತುಕ್ಕು ಹಿಡದಿಲ್ಲರಿ. ನಾ ದಿನಾ ಎಣ್ಣಿ ಹಚ್ಚಿ ಒರಸತಿದ್ದೆರಿ. ನಮ್ಮಜ್ಜಿ ತಲಿಗಿ ಹಚ್ಚಾಕ ಇಟ್ಟ ಎಣ್ಣಿ ಒಯ್ಯತಿದ್ದೆರಿ." ಮತ್ತೆ ಅಂದಳು, "ಅದರಾಗ ನಾವು ಏನೂ ತಿಂದಿಲ್ಲರಿ ಅಮ್ಮಾರ. ಬರೇ ಹುಣಸಿ ಬೀಜ ಇಟ್ಟೀವಿ."

"ಹೊಗಿ ಐತಿ, ಆಚೆ ಹೋಗವ್ವ," ಅಂದೆ. ಆಕೆ ಹೋದಳು.

ಸಂಜೆ ಸೆಂಟರಿಗೆ ಮೂವರೂ ಹೋದೆವು. ಸಾಬರು "ಬಾ ಬೇಟಿ, ಬಾ, ನಿನ್ನ ಕೈ ಬೆಂಗಳೂರು ನೋಡೇತಿ, ಮೈಸೂರು ನೋಡೇತಿ, ನೀ ಈಗ ಬಂದಿ ಬಳ್ಳಾರಿಗೆ!" ಎಂದು ಕುರ್ಚಿ ಎಳೆದು ಕೊಟ್ಟರು. ನಾದಿನಿ ಚಿತ್ರ ತೆಗೆದಳು. "ಇದು ಯಾರ ಕೈ ಹೇಳು?" ಎಂದು ಕೇಳಿದಳು. ಹುಡುಗಿ ಹೇಳಲಿಲ್ಲ. ಎರಡೂ ಕೈಯನ್ನು ಲಂಗದ ಮಡಿಕೆಯೊಳಗೆ ಇಟ್ಟುಕೊಂಡು ಕೂತಿದ್ದಳು. ನಾಚಿಕೆ ಎಂದು ನಾದಿನಿ ಅಂದುಕೊಂಡಳು. ಎರಡಡಿ ದೂರದ ಸ್ಟೂಲಿನ ಮೇಲೆ ನಾನು ಕೂತಿದ್ದೆ. ಕಾವಲಿಗೆಂದು ಹೋಗುತ್ತಿದ್ದವಳು ನಾನು.

ಸೋಮವಾರ ಹಂಚು ಒಲೆಗೇರಿಸಿದೆ. ಪಡ್ಡು ಏಳಲಿಲ್ಲ. ವರ್ಷಗಟ್ಟಲೆ ಎಣ್ಣೆ ಕುಡಿದು ನುಣುಪಾಗಿದ್ದ ಕಬ್ಬಿಣ, ಆ ಹುಡುಗಿ ದಿನಾ ಒರೆಸಿ ಇನ್ನಷ್ಟು ನುಣುಪು ಮಾಡಿದ್ದ ಕಬ್ಬಿಣ. ಕುಳ್ಳಿನ ಬೆಂಕಿ ಆ ಪದರವನ್ನೆಲ್ಲ ಸುಟ್ಟು ಹಾಕಿತ್ತು. ಗುಳಿ ಗುಳಿಗೂ ಹಿಟ್ಟು ಕಚ್ಚಿಕೊಂಡಿತು. ಸೌಟಿನ ತುದಿಯಿಂದ ಕೆರೆದು ಕೆರೆದು ತೆಗೆದದ್ದನ್ನೇ ಅಯ್ಯನವರಿಗೆ ಬಡಿಸಿದೆ. "ಈ ಸಲ ಪಡ್ಡು ಹಿಂಗ್ಯಾಕವ್ವ?" ಎಂದು ಅವರು ಕೇಳಿದರು. ಹಂಚು ಕೆಟ್ಟಿತ್ತು ಎಂದೆ. "ಇರಲಿ ಬಿಡು, ಪ್ರಸಾದಕ್ಕೆ ಆಕಾರ ಏನು," ಎಂದು ಉಂಡು ಹೋದರು. ಒಳ್ಳೆಯ ಮನುಷ್ಯ. ಯಾವ ಹಂಚು ಯಾಕೆ ಕೆಟ್ಟಿತು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಅದಾದ ಎರಡು ವಾರಕ್ಕೆ ಆ ಬುಧವಾರ.

ಮರುದಿನ ಬೆಳಿಗ್ಗೆ ಪೂಜೆಗೆ ಕೂತು ವಚನದ ಪುಸ್ತಕ ತೆರೆದೆ. ಮದುವೆಯಾದಾಗಿನಿಂದ ದಿನಾ ಓದುತ್ತಿರುವ ಪುಸ್ತಕ. ಶರಣರು ಏನು ಹೇಳಿದ್ದಾರೆ ಎಂದು ನನ್ನನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದೆ. ಆ ಬೆಳಿಗ್ಗೆ ಒಂದು ಸಾಲೂ ಮುಂದೆ ಹೋಗಲಿಲ್ಲ. ಬಾಯಿಪಾಠ ಮಾಡಿದ್ದೆ, ಅಷ್ಟೇ. ಹಂಚಿನ ಮುಂದೆ ಕೂತ ಮಕ್ಕಳು ಲೆಕ್ಕ ಕಲಿತಂತೆ ನಾನು ಅದನ್ನು ಕಲಿತಿರಲಿಲ್ಲ. ಅಂದು ಗೆಣ್ಣು ಎಣಿಸಲೂ ಇಲ್ಲ. ಹಂಚನ್ನು ಅದೇ ಬಟ್ಟೆಯಲ್ಲಿ ಕಟ್ಟಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ.

ಕೇರಿಯಲ್ಲಿ ಅಜ್ಜಿಯ ಮನೆ ತೋರಿಸಿದರು. ಅಜ್ಜಿ ಬಾಗಿಲ ಮುಂದೆ ಕೂತು ಕಸಬರಿಗೆ ಕಟ್ಟುತ್ತಿದ್ದಳು. ನಾನು ಯಾರೆಂದು ಹೇಳಿದೆ, ಯಾಕೆ ಬಂದೆನೆಂದು ಹೇಳಿದೆ. ಹಂಚು ಸುಟ್ಟದ್ದನ್ನು, ಸುಳ್ಳು ಹೇಳಿದ್ದನ್ನು ಹೇಳಿದೆ. ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದು ಆಕೆಗೇ. ಅಜ್ಜಿಯ ಕೈ ಕಸಬರಿಗೆಯ ಹುರಿ ಬಿಗಿಯುತ್ತಲೇ ಇತ್ತು.

"ಹಂಚು ಸುಟ್ರ ಏನಾತಮ್ಮಾ? ಹಂಚು ಇರೋದ ಸುಡಾಕ," ಅಂದಳು. "ಹುಡುಗಿ ಮುಂದ ಸುಡಬಾರದಿತ್ತು."

"ತಪ್ಪಾತು. ಎಲ್ಲಿ ಅದಾಳ ಹೇಳು, ನಾ ಹೋಗಿ ಕರಕೊಂಡು ಬರತೀನಿ."

"ನನಗೇನ್ ಗೊತ್ತು? ಲಾರಿ ಬಂತು, ಹತ್ತಿಸಿಕೊಂಡು ಹೋತು. ಸಂಡೂರು ಕಡೆ ಅಂದ್ರು. ಇವತ್ತು ಒಂದು ಗುಡ್ಡ, ನಾಳೆ ಒಂದು ಗುಡ್ಡ." ಹುರಿಗೆ ಗಂಟು ಹಾಕಿ ತಲೆ ಎತ್ತಿದಳು. "ಕರದ್ರ ಬರತಾಳೇನು ಆಕಿ? ನಾನೂ ಕೇಳಿದೆ, ಯಾಕ ಒಲ್ಲೆ ಅಂತಿ ಸಾಲಿ ಅಂತ. ಏನ್ ಅಂದ್ಳು ಗೊತ್ತೈತೇನು? ಅಲ್ಲಿ ಕೈ ಕೆಂಪಾದ್ರ ಎಲ್ಲಾರದೂ ಕೆಂಪ ಇರತಾವ ಅಜ್ಜಿ, ಅಂದ್ಳು."

ಬಿಸಿಲು ಬಹಳ ಇತ್ತು. ಅಲ್ಲೇ ಕಟ್ಟೆಯ ಮೇಲೆ ಕೂತೆ. ಅಜ್ಜಿ ನನ್ನ ಮುಖ ನೋಡಿ, ಎದ್ದು ಹೋಗಿ ಒಂದು ಚೊಂಬು ನೀರು ತಂದಳು. ಕೊಡಲಿಲ್ಲ, ಕೈಯಲ್ಲೇ ಹಿಡಿದು ನಿಂತಳು.

"ಕುಡೀತೀರೇನ್ರಿ?"

ಕೈ ಚಾಚಿ ತೆಗೆದುಕೊಂಡು ಕುಡಿದೆ.

"ಮನಿಗಿ ಹೋಗಿ ಹೊಟ್ಟಿಗೆ ಬೆಂಕಿ ಇಟ್ಕೊಬ್ಯಾಡ್ರಿ ಮತ್ತ," ಅಂದಳು ಅಜ್ಜಿ. ನಗಲಿಲ್ಲ. ಆದರೆ ಚೊಂಬನ್ನು ಇನ್ನೊಮ್ಮೆ ತುಂಬಿಸಿ ಕೊಟ್ಟಳು. ಮಣ್ಣಿನ ಗಡಿಗೆಯ ನೀರು, ತಣ್ಣಗಿತ್ತು. ನನಗೆ ಆ ದಿನ ಸಿಕ್ಕ ಒಳ್ಳೆಯದು ಅದೊಂದೇ. ಅದಕ್ಕೆ ಯೋಗ್ಯಳಲ್ಲದ ನನಗೆ ಸಿಕ್ಕದ್ದು.

ಅಲ್ಲಿಂದ ಶಾಲೆಗೆ ಹೋದೆ. ಮಧ್ಯಾಹ್ನದ ಬಿಸಿಯೂಟದ ಹೊತ್ತು. ನಾದಿನಿಯನ್ನು ಬೇವಿನ ಮರದ ಕೆಳಗೆ ಕರೆದು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನಾ ನಿನ್ನ ಕೇಳಿದ್ದೆ ಅತ್ತಿಗಿ," ಅಂದಳು. "ನಿನ್ನೆ ಕೇಳಿದ್ದೆ."

"ಹೌದು."

"ಆಕಿನ ಕರಕೊಂಡು ಬಂದಾಕಿ ನಾನು. ಹಂಚು ಕೊಡಾಕ ನಾ ಒಬ್ಬಾಕಿನ ಬರಬಹುದಿತ್ತು."

ನನ್ನ ಕೈಯಿಂದ ಗಂಟು ತೆಗೆದುಕೊಂಡಳು. ಬಿಚ್ಚಿ ನೋಡಿದಳು. ಸುಟ್ಟು ಬೂದು ಬಣ್ಣಕ್ಕೆ ತಿರುಗಿದ ಗುಳಿಗಳ ಮೇಲೆ ಬೆರಳಾಡಿಸಿ, "ಇದು ಇಲ್ಲೇ ಇರಲಿ," ಎಂದು ಕ್ಲಾಸಿನೊಳಗೆ ಹೋದಳು. ನಾನು ಬಸ್ ಹಿಡಿದು ವಾಪಸು ಬಂದೆ.

ನನ್ನ ಗಂಡ ಅಂಗಡಿಗೆ ಬರುವ ಲಾರಿ ಡ್ರೈವರುಗಳಲ್ಲಿ ವಿಚಾರಿಸಿದರು. ಇಂಥ ಅವ್ವ, ಇಂಥ ಮಗಳು, ಕುರುಗೋಡಿನವರು ಎಂದು. "ಅಣ್ಣಾ, ಅಲ್ಲಿ ಎಲ್ಲಾರ ಮಾರೀನೂ ಕೆಂಪು, ಯಾರನ್ನಂತ ಗುರತ ಹಿಡೀಲಿ?" ಎಂದು ಒಬ್ಬ ಹೇಳಿದನಂತೆ. ಮುಂದಿನ ವರ್ಷ ಅಜ್ಜಿಯೂ ಕೇರಿ ಬಿಟ್ಟು ಮೋಕ ಎಂಬ ಊರಿನಲ್ಲಿರುವ ಇನ್ನೊಬ್ಬ ಮಗಳ ಮನೆಗೆ ಹೋದಳು. ಅಲ್ಲಿಗೂ ಹೋಗಿ ಕೇಳಿದೆ. ಆಕೆಗೂ ಸುದ್ದಿ ಇರಲಿಲ್ಲ. ಗಣಿಗಳು ಒಂದೊಂದಾಗಿ ಮುಚ್ಚಿದ ಮೇಲೆಯೂ ಆ ಹುಡುಗಿ ಕುರುಗೋಡಿಗೆ ತಿರುಗಿ ಬರಲಿಲ್ಲ.

ನಾದಿನಿ ಬಹಳ ದಿನ ನಮ್ಮ ಮನೆಗೆ ಬರಲಿಲ್ಲ. ದಸರೆಗೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಶನಿವಾರ ಸಂಜೆ ನಾನು ಅವರೆಕಾಯಿಯನ್ನು ಮನೆಯಲ್ಲೇ ಸುಲಿಯುತ್ತಿದ್ದೆ. ಸಾಬರು ಓಣಿಯಲ್ಲಿ ಸಿಕ್ಕಾಗ "ಟೀಚರಮ್ಮ ಯಾಕ ಬರವಲ್ರು? ನನ್ನ ಕೀಬೋರ್ಡ್ ಬಡಕಲ ಆಗೇತಿ, ಸಿಪ್ಪಿ ಇಲ್ಲದ," ಎಂದು ಕೇಳುತ್ತಿದ್ದರು. ಏನೋ ಒಂದು ಹೇಳಿ ಮುಂದೆ ಹೋಗುತ್ತಿದ್ದೆ.

ಸಂಕ್ರಾಂತಿ ಮುಗಿದ ಮೇಲೆ ಒಂದು ಶನಿವಾರ ಬಂದಳು. "ಬರತಿಯೇನು ಅತ್ತಿಗಿ, ಸೆಂಟರಿಗೆ?" ಅಂದಳು, ಏನೂ ಆಗಿಲ್ಲ ಎನ್ನುವಂತೆ. ಬಾಗಿಲಲ್ಲಿ ಆಕೆಯನ್ನು ನೋಡಿದ್ದನ್ನು ಮರುದಿನ ಒಂದಲ್ಲ, ಎರಡು ಗೆಣ್ಣಿಗೆ ಎಣಿಸಿದೆ. ಅಂದು ಕಾಯಿ, ಚೀಲ ಏನೂ ಒಯ್ಯಲಿಲ್ಲ. ಬರಿಗೈಯಲ್ಲಿ ಹೋದೆ.

ಆಕೆ ಮಗ್ಗಿಯ ಬಗ್ಗೆ ಏನೋ ಹುಡುಕಿದಳು. ಎರಡು ಹಾಳೆ ಪ್ರಿಂಟ್ ತೆಗೆಸಿದಳು. ನಾನೇ ಕೇಳಿದೆ, "ಹಂಚಿನ ಪಾಠ ಇನ್ನೂ ಐತೇನು ಅದರಾಗ?"

ಆಕೆ ತೆಗೆದು ಕೊಟ್ಟು, ಸಾಬರ ಹತ್ತಿರ ಹಾಳೆ ತರಲು ಎದ್ದು ಹೋದಳು. ಚಿತ್ರ ಹಾಗೇ ಇತ್ತು. ಬೀಜ ತುಂಬಿದ ಒಂಬತ್ತು ಗುಳಿ, ಪಕ್ಕದಲ್ಲಿ ಆ ಕೈ. ಹಸಿರು ಬಳೆ ಒಂದು ಇತ್ತು ಕೈಯಲ್ಲಿ. ಮನೆಗೆ ಬಂದ ದಿನವೂ ಅದೇ ಬಳೆ ಇತ್ತೋ ಇಲ್ಲವೋ, ನಾನು ನೋಡಿಯೇ ಇರಲಿಲ್ಲ. ಕೆಳಗೆ ಬೇರೆ ಬೇರೆ ಟೀಚರುಗಳ ಪ್ರಶ್ನೆಗಳು ಇನ್ನಷ್ಟು ಸೇರಿದ್ದವು. ಕೊನೆಯಲ್ಲಿ ಒಬ್ಬರು, ಪಾಠ ಮುಗಿದ ಮೇಲೆ ಹಂಚನ್ನು ಮನೆಯಲ್ಲಿ ಅಡುಗೆಗೆ ಬಳಸಬಹುದೇ, ಹೇಗೆ ಶುಚಿ ಮಾಡಬೇಕು, ಎಂದು ಕೇಳಿದ್ದರು. ಅದರ ಕೆಳಗೆ ನಾದಿನಿಯ ಉತ್ತರ ಇತ್ತು.

"ದಯವಿಟ್ಟು ಮನೆಗೆ ತಿರುಗಿ ಒಯ್ಯಬೇಡಿ. ಒಯ್ಯುವುದಾದರೆ ಕೊಡಲೇಬೇಡಿ. ಶಾಲೆಗೆ ಬಂದ ಹಂಚು ಮಕ್ಕಳದು. ಅಲ್ಲೇ ಇರಲಿ. ದಿನಾ ಸ್ವಲ್ಪ ಎಣ್ಣೆ ಹಚ್ಚಿ ಒರೆಸಿದರೆ ಸಾಕು, ಅದಕ್ಕೆ ಬೇರೆ ಶುಚಿ ಬೇಕಾಗಿಲ್ಲ."

ಅದನ್ನು ಓದುವ ಟೀಚರುಗಳಿಗೆ ಅದು ಹಂಚನ್ನು ಇಟ್ಟುಕೊಳ್ಳುವ ಬಗೆ. ನಾನು ಎರಡು ಸಲ ಓದಿದೆ. ನಾದಿನಿ ಹಿಂದೆ ಬಂದು ನಿಂತದ್ದು ಗೊತ್ತಾಯಿತು.

"ಆ ಹಂಚಿಗೆ ಈಗ ಎಣ್ಣಿ ಯಾರು ಹಚ್ಚತಾರ?" ಎಂದು ಆಮೇಲೆ ಕೇಳಿದೆ.

"ನಾನ ಹಚ್ಚತೀನಿ. ಗುಳಿ ಇನ್ನೂ ಒರಟ ಅದಾವು. ಸುಧಾರಸಾಕ ಇನ್ನೂ ದಿನ ಬೇಕು."

ಮನೆಗೆ ಬರುವ ಹೊತ್ತಿಗೆ ಸಂಜೆಯಾಗಿತ್ತು. ಹಿತ್ತಲಲ್ಲಿ ಬೆಳಿಗ್ಗೆ ಹಾಕಿದ ಬಟ್ಟೆಗಳು ತಂತಿಯ ಮೇಲೇ ಇದ್ದವು. ದೊಡ್ಡ ರಸ್ತೆಯ ಕಡೆಯಿಂದ ಲಾರಿಗಳ ಸದ್ದು ಬರುತ್ತಿತ್ತು. ನನ್ನ ಗಂಡನ ಬಿಳಿ ಪಂಚೆಯ ಮೇಲೆ ಆಗಲೇ ತೆಳ್ಳಗೆ ಕೆಂಪು ಕೂತಿತ್ತು. ಒಂದೊಂದೇ ತೆಗೆದು, ಗಾಳಿಗೆ ಬೆನ್ನು ಮಾಡಿ ನಿಂತು ಕೊಡವಿದೆ. ಪಂಚೆಯ ಕೆಂಪು ಪೂರ್ತಿ ಹೋಗಲಿಲ್ಲ. ಅದನ್ನು ಮತ್ತೆ ಬಕೆಟ್ಟಿನಲ್ಲಿ ನೆನೆಹಾಕಿ, ಉಳಿದವನ್ನು ಮಡಚಲು ಒಳಗೆ ಒಯ್ದೆ.